ಹನ್ನೊಂದು ಮಾತ್ರೆ

ಜೂನ್ ಒಂದಕ್ಕೆ ಟ್ರಾಲರುಗಳು ಬೈತಖೋಲದಲ್ಲಿ
ಒಂದರ ಸೊಂಟಕ್ಕೊಂದು ಹಗ್ಗ ಬಿಗಿದುಕೊಂಡು ನಿಂತವು.
ಅದೇ ಸಂಜೆ ಮಾಜಾಳಿಕರ ಮಾಸ್ತರರು
ಬಲೆ ಹೆಣೆಯುವ ಶೆಡ್ಡಿನ ಬಾಗಿಲ ಮೇಲೆ
ಸುಣ್ಣದಲ್ಲಿ ಬರೆದರು:
ಹಾಡಲು ಬಾರದವರು ಮೊದಲು ಬನ್ನಿ.

ಹೋದೆವು.
ಎರಡು ತಿಂಗಳು ಸಮುದ್ರವಿಲ್ಲದ ಒಂಬತ್ತು ಹುಡುಗರು,
ಸಿಗಡಿ ಸುಲಿಯುವ ಗುಲಾಬಿ ತಾಂಡೇಲ,
ರಾತ್ರಿಪಾಳಿಯ ನರ್ಸ್ ಫಿಲೊಮಿನಾ,
ನಿವೃತ್ತ ಕಂಡಕ್ಟರ್ ಶೇಜವಾಡಕರ (ಕೊರಳಲ್ಲಿ ಇನ್ನೂ ಸೀಟಿ),
ಮತ್ತೆ ನಾನು, ಐಸ್ ಫ್ಯಾಕ್ಟರಿಯ ಲೆಕ್ಕದವಳು.

ಮುಂಬಯಿಯಲ್ಲಿ ಸಿನಿಮಾಕ್ಕೆ ಸಂಗೀತ ಕೊಟ್ಟವರಂತೆ.
ಯಾವ ಸಿನಿಮಾ ಎಂದರೆ
‘ಬಿಡುಗಡೆಯಾಗಲಿಲ್ಲ’ ಎಂದು ನಗುತ್ತಿದ್ದರು.
ಅವರ ಹಾರ್ಮೋನಿಯಮ್ಮಿನ ಒಂದು ನಿಷಾದ
ಉಪ್ಪುಗಾಳಿಗೆ ಸತ್ತಿತ್ತು.
ಒತ್ತಿದರೆ ಬರೀ ಉಸಿರು.
ಅದನ್ನೂ ಹಾಳೆಯಲ್ಲಿ ಬರೆದುಕೊಂಡರು.

ಉಲ್ಲಾಸ ಹರಿಕಂತ್ರನಿಗೆ ಇದ್ದುದು ಒಂದೇ ಸ್ವರ.
ಎತ್ತ ಎಳೆದರೂ ಲಂಗರಿನ ಸುತ್ತಲೇ ತಿರುಗುವ ದೋಣಿ.
ಮಾಸ್ತರರು ತಿದ್ದಲಿಲ್ಲ.
ಮರುದಿನ ನಮ್ಮೆಲ್ಲರ ಹಾಡನ್ನು
ಆ ಒಂದು ಸ್ವರದ ಸುತ್ತ ಹೊಸದಾಗಿ ಬರೆದು ತಂದರು.

ನಾನು ಬಾಯಿ ತೆರೆದರೆ
ಶೆಡ್ಡಿನ ಬೆಕ್ಕೇ ಎದ್ದು ಹೋಗುತ್ತಿತ್ತು.
‘ನಿಮಗೆ ಏನು ಬರುತ್ತದೆ?’
‘ಎಣಿಸಲು.’
‘ಹಾಗಾದರೆ ಎಣಿಸಿ. ಎಲ್ಲರಿಗೂ ಕಾಣುವಂತೆ.’
ಐಸ್ ಗಡ್ಡೆ ಎಣಿಸಿ ಜೋಮುಹಿಡಿದ ಈ ಬೆರಳು
ಹನ್ನೆರಡು ಗಂಟಲಿಗೆ ಕಾಲ ತೋರಿಸಿದವು.

‘ನಮ್ಮಜ್ಜಿ ಹಾಡಿದ್ದು ಹೀಗಲ್ಲ’ ಎಂದಳು ಗುಲಾಬಿ ಒಮ್ಮೆ.
ಹೇಗೆ, ಎಂದು ಅವರು ನೆಲಕ್ಕೆ ಕೂತರು.
ಏಳು ಸಲ ಹೇಳಿಸಿದಳು.
ಏಳನೆಯದಕ್ಕೂ ‘ಬರಲಿಲ್ಲ ಮಾಸ್ತರ, ನಾಳೆ ಬನ್ನಿ.’

ಸಭಾಭವನ ಸಿಕ್ಕಿದ್ದು ಆಗಸ್ಟ್ ಮೂರಕ್ಕೆ.
ಜುಲೈ ಮುಗಿದ ನಡುರಾತ್ರಿಯೇ ಡೀಸೆಲ್ ವಾಸನೆ,
ಹಗ್ಗಗಳು ಬಿಚ್ಚಿಕೊಂಡವು. ಒಂಬತ್ತು ಹುಡುಗರೂ ಹೋದರು.
ಅವರ ಪಾಲನ್ನು ಮಾಸ್ತರರು ಯಾರಿಗೂ ಹಂಚಲಿಲ್ಲ.
ಒಂಬತ್ತು ಖಾಲಿ ಕುರ್ಚಿ ಹಾಕಿಸಿ ನನಗೆ ಹೇಳಿದರು:
ಅವರಿಲ್ಲದಲ್ಲಿ ಬೆರಳು ನಿಲ್ಲಿಸಬೇಡಿ.

ಉಲ್ಲಾಸನ ಜಾಗ ಬಂತು.
ಒಂದು. ಎರಡು.
ಫ್ಯಾನು ಕಿರುಗುಟ್ಟಿತು.
ಐದು.
ಮುಗಿಯಿತೆಂದು ಯಾರೋ ಚಪ್ಪಾಳೆ ತಟ್ಟಿ, ನಾಚಿ, ನಿಲ್ಲಿಸಿದರು.
ಒಂಬತ್ತು.
ಶೇಜವಾಡಕರ ಸೀಟಿಯನ್ನು ಮುಷ್ಟಿಯಲ್ಲಿ ಅದುಮಿಕೊಂಡಿದ್ದರು.
ಹನ್ನೊಂದು.
ಗುಲಾಬಿ ಎತ್ತಿಕೊಂಡಳು,
ಯಾರೂ ಹಾಡದ ಸ್ವರದ ಮೇಲೆ ಕಾಲಿಟ್ಟು.

ವಾರದ ಮೇಲೆ ಉಲ್ಲಾಸ ಐಸಿಗೆ ಬಂದ.
ಆವತ್ತು ಎಂಟೂಕಾಲಿಗೆ ಏನು ಮಾಡ್ತಿದ್ದೆ, ಕೇಳಿದೆ.
‘ಬಲೆ ಎಳೀತಿದ್ವಿ ಅಕ್ಕಾ.
ಇಂಜಿನ್ನಿಗೂ ನಂದೇ ಸ್ವರ. ಈಗ ಗೊತ್ತಾಯ್ತು.’
ರಸೀದಿ ಹರಿದು ಕೊಟ್ಟೆ.
ಎರಡು ಗಡ್ಡೆ ಕಮ್ಮಿ ಇದೆ ಎಂದ.
ಮತ್ತೆ ಎಣಿಸಿದೆ.
ಇತ್ತು.