ಆಮೋಣೆ ಸೇತುವೆ, ಹನ್ನೊಂದೂ ಇಪ್ಪತ್ತು

ಡ್ಯಾಶ್‌ಬೋರ್ಡಿನ ಮೇಲೆ ಪ್ಲಾಸ್ಟಿಕ್ಕು ಹೊದ್ದ ಕಾರ್ಡು.
ಅದರಲ್ಲಿ ಗೋವೆಯೆಲ್ಲ ಇದೆ, ದರ ಸಮೇತ.
ಹಳೇ ಇಗರ್ಜಿ ಎರಡು, ಒಂದೂವರೆ ತಾಸು.
ದೀವಾಡಿಗೆ ಫೆರಿ; ಆಗಸ್ಟಾದರೆ ಬಾವುಟದ ಹಬ್ಬ.
ಜೂನಾದರೆ ಬಾವಿಗೆ ಹಾರುವ ಸಾಂಜಾಂವ್,
ಹಾರಿ ಬಂದವರು ಸೀಟಿಗೆ ಟವೆಲು ತಾವೇ ತರಬೇಕು.
ಮಾಶೆಲಿನಲ್ಲಿ ಕೆಸರಾಟ. ಮೊಸಳೆ, ಸಿಕ್ಕರೆ.

ಹಿಸಾಯೆ ಅಜ್ಜಿ ಒಬ್ಬಳೇ ಬಂದವಳು.
ಬೆರಳಿಟ್ಟಿದ್ದು ಕೊನೆಯ ಸಾಲಿಗೆ:
ಕಾರ್ತಿಕ ಹುಣ್ಣಿಮೆ, ಸಾಖಳಿ, ದೋಣಿ ಹಬ್ಬ.
ತಾನೂ ಹೊಳೆ ಕಡಲು ಕೂಡುವ ಊರಿನವಳು
ಅಂತ ಫೋನಿನಿಂದ ಹೇಳಿಸಿದಳು.
ಅವಳು ಒಂದು ಪುಟ ಮಾತಾಡಿದರೆ
ಫೋನು ಒಂದು ಸಾಲು ಒಪ್ಪಿಸುತ್ತದೆ,
ಇನ್‌ಸ್ಪೆಕ್ಟರ ಮುಂದೆ ನಿಂತ ಶಾಲೆ ಹುಡುಗಿಯ ಹಾಗೆ:
"ನಮ್ಮಲ್ಲಿಯೂ ನೀರಿನ ಮೇಲೆ ದೀಪಗಳು ತೆರಳುತ್ತವೆ."

ಇಪ್ಪತ್ತು ವರ್ಷ ಗಾಡಿ ಹೊಡೆದೆ,
ಕೊಂಕಣಿ, ಹಿಂದಿ, ಅರ್ಧಂಬರ್ಧ ರಷ್ಯನ್ನು.
ಪ್ಯಾಸೆಂಜರು ನನ್ನ ಜೊತೆ ಕನ್ನಡ ಆಡಿದ್ದು
ಅವತ್ತೇ ಮೊದಲು. ಅದೂ ಜಪಾನಿನಿಂದ.

ವಾಳವಂಟಿಯ ಎರಡೂ ದಂಡೆಗೆ ಜನ.
ಥರ್ಮಾಕೋಲಿನ ಹಡಗು, ಬಾಳೆದಿಂಡಿನ ತೆಪ್ಪ,
ಒಂದಕ್ಕೆ ಮೂರು ಅಂತಸ್ತು, ಸೀರಿಯಲ್ ಲೈಟು, ಬ್ಯಾಟರಿ.
ಮೈಕಿನಲ್ಲಿ ಕೂಗು: ಹದಿನಾಲ್ಕು, ಹದಿನಾಲ್ಕು,
ಕಾರಾಪುರದ ಹುಡುಗರು ಎಲ್ಲಿದ್ದರೂ ಬನ್ನಿ.
ನಂಬರು ಒಂಬತ್ತು ನಡುನೀರಿನಲ್ಲಿ ವಾಲಿ,
ಅರೆಗಳಿಗೆ ಯೋಚಿಸಿ,
ಮುಳುಗಿತು.
ದಂಡೆಗೆ ದಂಡೆಯೇ ನಕ್ಕಿತು.
ಅಜ್ಜಿ ಕೈ ಜೋಡಿಸಿದಳು.

ಆಮೇಲೆ ಫೋನು ನನ್ನತ್ತ ತಿರುಗಿ ಕೇಳಿತು:
"ನಿಮ್ಮ ಮೃತರು ಯಾವ ದೋಣಿಯಲ್ಲಿದ್ದಾರೆ?"

ಇದು ಪೈಪೋಟಿ ಅಜ್ಜಿ, ಅಂದೆ.
ಗೆದ್ದ ದೋಣಿ ತಿರುಗಿ ದಂಡೆಗೆ ಬರ್ತದೆ,
ಟೆಂಪೋ ಏರಿ ಮನೆಗೆ ಹೋಗ್ತದೆ.
ಸತ್ತವರು ಯಾರೂ ಇಲ್ಲ ಇಲ್ಲಿ.
ಫೋನು ಅದನ್ನು ಏನು ಮಾಡಿ ಹೇಳಿತೋ,
ಅವಳು ನನ್ನ ತೋಳು ಮುಟ್ಟಿ
ಬಹಳ ಹೊತ್ತು ಸುಮ್ಮನಿದ್ದಳು.

ಅಪ್ಪ ಇಪ್ಪತ್ತೆರಡು ವರ್ಷ ಬಾರ್ಜಿನ ಮೇಲಿದ್ದ.
ಅದಿರು ತುಂಬಿ ಮಾಂಡವಿ ಇಳಿದು ಮುರಗಾವಿಗೆ,
ಭರತಕ್ಕೆ ಕಾದು ಖಾಲಿ ಹೊಟ್ಟೆಯಲ್ಲಿ ಮತ್ತೆ ಮೇಲಕ್ಕೆ.
ಮನೆಗೆ ಬಂದರೆ ಬಚ್ಚಲ ನೀರು ಕೆಂಪು, ಚಾದರ ಕೆಂಪು,
ರೊಟ್ಟಿಯ ಮೇಲೆ ಐದು ಬೆರಳು ಕೆಂಪು.
ಈಜು ಬರುತ್ತಿರಲಿಲ್ಲ. ಕಲಿಯಲೂ ಇಲ್ಲ.
ಸತ್ತಾಗ ಹೂಳಲಿಕ್ಕೆ ಜಾಗ ಕೇಳಿ
ಎರಡು ಬಾಗಿಲು ತಟ್ಟಿದೆವು. ಮೂರನೆಯದು ತಟ್ಟಲಿಲ್ಲ.
ಮೀನಿನ ಬರ್ಫದಲ್ಲಿಟ್ಟು ಅನಮೋಡ ಘಾಟು ಹತ್ತಿಸಿದೆವು,
ಲಾರಿ ಸಾಲಿನ ಹಿಂದೆ, ಫಸ್ಟ್ ಗೇರಿನಲ್ಲಿ.
ಊರ ಹೊಲದಲ್ಲಿ ಕೂಡಿಸಿ, ಅಂಗೈಗೆ ಲಿಂಗ ಕೊಟ್ಟು,
ಎರಿಮಣ್ಣು ಮುಚ್ಚಿದೆವು.

ಇದನ್ನೆಲ್ಲ ಫೋನಿಗೆ ಹೇಳಿದೆನೋ ಇಲ್ಲವೋ.
ಸ್ಟೇರಿಂಗಿಗೆ ಹೇಳಿರಬೇಕು.
ಆಮೋಣೆ ಸೇತುವೆ ಬಂದಾಗ ಅಜ್ಜಿ
ನಿಲ್ಲಿಸು ಅಂದಳು, ಕೈಯಿಂದ.

ಕೆಳಗೆ ಎರಡು ಬಾರ್ಜು, ಕಟ್ಟಿದ್ದು ಕಟ್ಟಿದ ಹಾಗೇ.
ಒಂದರ ಡೆಕ್ಕಿನಲ್ಲಿ ಅತ್ತಿಗಿಡ ಎದ್ದಿದೆ.
ಇದು ನೋಡೋ ಜಾಗ ಅಲ್ಲ ಅಜ್ಜಿ, ಕಾರ್ಡಿನಲ್ಲಿಲ್ಲ,
ಇಲ್ಲಿ ನಿಂತರೆ ಪೊಲೀಸು ಚಲನ್ ಹಾಕ್ತಾನೆ.
ಅವಳಾಗಲೇ ಇಳಿದಿದ್ದಳು.
ದಂಡೆಯಲ್ಲಿ ಹತ್ತು ರೂಪಾಯಿಗೆ ಕೊಂಡ ದೊನ್ನೆದೀಪ ಅಂಗೈಯಲ್ಲಿ.
ಎತ್ತರದ ಗಾಳಿ; ಮೂರು ಕಡ್ಡಿ ಕೆಟ್ಟವು, ನಾಲ್ಕನೆಯದು
ನನ್ನ ಬೆರಳು ಸುಟ್ಟಿತು.

"ಹೆಸರು?" ಅಂತು ಫೋನು.
ಬಾರ್ಜಿನದು ಅಂದುಕೊಂಡೆ.
ತುಕ್ಕಿನೊಳಗೆ ಹುಡುಕಿ, ಇದೇನಾ ಅದು ಅಂತ ಅನುಮಾನದಲ್ಲೇ,
ಅಪ್ಪ ದುಡಿದ ಬಾರ್ಜಿನ ಹೆಸರು ಹೇಳಿದೆ: ನಾಗೇಶಿ ಮೂರು.

ಅವಳು ಕಂಬಿಗೆ ಹಣೆ ತಾಗುವಷ್ಟು ಬಾಗಿ,
ಹೊತ್ತದ ದೀಪವನ್ನು ಮೆಲ್ಲಗೆ ಕೆಳಗೆ ಬಿಟ್ಟು,
ಹಳೇ ನೆಂಟರನ್ನು ಕಳಿಸಿಕೊಡುವ ದನಿಯಲ್ಲಿ
"ನಾಗೇಶಿ ಸಾನ್" ಅಂದಳು.
ಎರಡು ಸಲ.
ಸಾನ್ ಅಂದರೆ ನಮ್ಮ ಅವರು ಇದ್ದ ಹಾಗೆ,
ಅಷ್ಟು ಗೊತ್ತು ನನಗೆ.

ಅಪ್ಪನ ಹೆಸರು ಅಡಿವೆಪ್ಪ.
ತಿದ್ದಲಿಲ್ಲ.
ದೊನ್ನೆ ನೀರು ಮುಟ್ಟಿದ್ದೂ ಕೇಳಿಸಲಿಲ್ಲ,
ಹಿಂದೆ ಲಾರಿಯವನು ಹಾರ್ನು ಹೊಡೆಯುತ್ತಿದ್ದ.