ಹಿಡಿಸೂಡಿಯ ಕೆಳಗೆ

ಫಜರ್ ಮುಗಿದು ಇನ್ನೂ ಬೆಳಕು ಹರಿಯದ ಹೊತ್ತು
ಸೊಂಟ ಬಗ್ಗಿಸಿ ಶರೀಫಾ ದೈತ ಗುಡಿಸುತ್ತಾಳೆ
ದ್ವೀಪದ ತೆಂಕಣ ಬೀದಿ.
ಹಿಡಿಸೂಡಿ ಎಳೆದ ಗೀರು ಗೀರು,
ಅಡ್ಡಕ್ಕೆ ರಾತ್ರಿಯ ಏಡಿ ಹಾಕಿ ಹೋದ ಹೊಲಿಗೆ.
ಅರವತ್ತು ವರ್ಷದಿಂದ ಇದೇ ಮರಳನ್ನು
ಮುಂದಕ್ಕೆ ತಳ್ಳಿದ್ದಾಳೆ, ಅದು ಹಿಂದಕ್ಕೆ ಬಂದಿದೆ.

ಮೊಮ್ಮಗಳು ಯಾಲ್ ಮಾಲೆಯಿಂದ ರಜೆಗೆ ಬಂದವಳು
ನಿದ್ದೆಗಣ್ಣಲ್ಲೇ ಹಿಂದೆ ಹಿಂದೆ, ಮಾತಾಡುತ್ತ.
ದಿನವಿಡೀ ಹವಳದ ದಿಬ್ಬದ ಮೇಲೆ ಬೋರಲು ತೇಲಿ
ನೀರಿಗೆ ಅಳಿಯದ ಹಲಗೆಯಲ್ಲಿ ಗೀಟು ಹಾಕುತ್ತಾಳೆ:
ಒಂದು ಗಿಳಿಮೀನು, ಒಂದು ನಿಮಿಷ, ಎಷ್ಟು ಕಡಿತ?
ಕಿವಿ ಮುಳುಗಿಸಿದರೆ ಸಾಕಂತೆ, ಕೇಳಿಸುತ್ತದೆ
ಕರಕ್ ಕರಕ್
ಮದುವೆಮನೆಯ ಮಕ್ಕಳೆಲ್ಲ ಕಲ್ಲುಸಕ್ಕರೆ ಕಡಿದ ಹಾಗೆ.

"ಅಜ್ಜೀ, ಅದರ ಹಲ್ಲೆಲ್ಲ ಕೂಡಿ ಕೊಕ್ಕಾಗಿದೆ.
ಗಂಟಲೊಳಗೆ ಇನ್ನೊಂದು ಜೊತೆ, ಬೀಸುಕಲ್ಲು.
ಜಠರವೇ ಇಲ್ಲ.
ಪಾಚಿಯ ಆಸೆಗೆ ಸತ್ತ ಹವಳ ಕೆರೆದು
ಕಲ್ಲನ್ನೇ ಅರೆದು, ಹಿಟ್ಟು ಮಾಡಿ
ಹಿಂದಿನಿಂದ ಬಿಡುತ್ತದೆ, ಬಿಳಿ ಮೋಡ.
ನೀನು ಗುಡಿಸೋದು ಅದನ್ನೇ."

ಹಿಡಿಸೂಡಿ ನಿಂತಿತು.
"ಹಾಗಾದರೆ ಇಷ್ಟು ವರ್ಷ
ಮೀನಿನ ಹೇಲು ಗುಡಿಸಿದೆನೇ ನಾನು?"
ನಕ್ಕಳು, ನಕ್ಕು ಕೆಮ್ಮಿದಳು,
ಕೆಮ್ಮಿನ ನಡುವೆ ಏನೋ ನೆನಪಾಗಿ ಸುಮ್ಮನಾದಳು.
ಮೂಸಾಬೇಯ ಗೋರಿಗೆ ಹೊಸ ಮರಳು
ತಾನೇ ಬುಟ್ಟಿಯಲ್ಲಿ ಹೊತ್ತು ಸುರಿದದ್ದು
ಹೋದ ರಂಜಾನಿಗೆ ಮುಂಚೆ.

ಹಿಂಡಿಗೆ ಗಂಡು ಒಂದೇ ಅಂತೆ, ನೀಲಿ ಹಸಿರು,
ಗಲ್ಲದಲ್ಲಿ ಗುಲಾಬಿ ಗೆರೆ. ಹೆಣ್ಣುಗಳು ಕಂದು, ಬೂದಿ.
ಅವನನ್ನು ಯಾರಾದರೂ ಭರ್ಜಿಯಲ್ಲಿ ಚುಚ್ಚಿ ಒಯ್ದರೆ
ಉಳಿದವರಲ್ಲಿ ದೊಡ್ಡವಳು ಕೆಲವೇ ವಾರಗಳಲ್ಲಿ
ಬಣ್ಣ ಬದಲಿಸಿ, ಒಳಗನ್ನೂ ಬದಲಿಸಿ
ಗಂಡಾಗಿ ಗಡಿ ಕಾಯುತ್ತಾಳೆ.
ಕಾಯುತ್ತಾಳೆಯೋ, ಕಾಯುತ್ತಾನೆಯೋ?
ಇವರ ದಿವೇಹಿಗೆ ಈ ತೊಡಕಿಲ್ಲ, ನನಗಿದೆ.
ಕಾಯುತ್ತದೆ ಅನ್ನಬಹುದು. ಅನ್ನಲು ಮನಸ್ಸು ಬಾರದು.

"ನಿಮ್ಮಜ್ಜ ಹೋದಾಗ ನನಗೆ ಬಂದದ್ದು ಬಣ್ಣವಲ್ಲ,
ಎಂಜಿನ್ನಿನ ಬಾಕಿ," ಎಂದಳು ಶರೀಫಾ.

ರಾತ್ರಿ, ಬಂಡೆಯ ಸಂದಿಯಲ್ಲಿ,
ಬಾಯಿಂದ ಲೋಳೆ ಊದಿ ಊದಿ
ಸುತ್ತ ಪೊರೆ ಕಟ್ಟಿಕೊಂಡು ಮಲಗುತ್ತವೆ ಕೆಲವು.
ಹೊಂಚುವ ಹಾವುಮೀನಿಗೆ ವಾಸನೆ ಸಿಗದು,
ರಕ್ತ ಹೀರುವ ಸಣ್ಣ ಹುಳ ಒಳಗೆ ನುಗ್ಗದು.
"ಸೊಳ್ಳೆಪರದೆ," ಎಂದಳು ಮುದುಕಿ.
ಇದೊಂದನ್ನು ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.
"ಬೆಳಿಗ್ಗೆ ಮಡಚಿಡುತ್ತದೋ?"
"ಒಮ್ಮೊಮ್ಮೆ ತಿಂದುಬಿಡುತ್ತದೆ."
"ಜಾಣ ಮೀನು. ಒಗೆಯೋ ಕೆಲಸ ಇಲ್ಲ."

ಅಷ್ಟರಲ್ಲಿ ಪಕ್ಕದ ರೆಸಾರ್ಟಿನ ದೋಣಿ ಜೆಟ್ಟಿಗೆ ತಾಗಿತು.
ಮೀನು ಕೊಳ್ಳುವ ಹುಡುಗ ಬಲೆಯವರನ್ನು ಕೂಗಿದ:
"ನೀಲಿಯದ್ದು ಇದೆಯಾ? ನೀಲಿಗೆ ಜಾಸ್ತಿ ಕೊಡ್ತೇವೆ."

"ಇಲ್ಲ," ಎಂದಳು ಶರೀಫಾ ದೈತ.
ಅವನು ಕೇಳಿದ್ದು ಅವಳನ್ನಲ್ಲ.
ಮತ್ತೆ ಬಗ್ಗಿದಳು.