ಹನ್ನೊಂದು ಮೀಟರ್

ಉತೆನಾದ ನ್ಯಾಯಾಲಯದಲ್ಲಿ ನಮ್ಮ ಜೇನುಗಳಿಗೆ
ಒಂದು ಕ್ರಮಸಂಖ್ಯೆ ಸಿಕ್ಕಿತು.
ಕಡತದ ಬೆನ್ನಿಗೆ ಹಸಿರು ದಾರ, ಒಳಗೊಂದು ನಕ್ಷೆ,
ನಕ್ಷೆಯಲ್ಲಿ ನಮ್ಮ ಹಿತ್ತಿಲಿಗೆ ತೆಳು ಹಳದಿ:
ವಸತಿ ಉದ್ದೇಶ.
ಹಳದಿ ಬಳಿದದ್ದು ಯಾವಾಗ, ಅಮ್ಮ ಕೇಳಿದಳು.
ಎಂಟು ವರ್ಷವಾಯಿತಂತೆ. ಪುರಸಭೆಯ ಗೋಡೆಗೆ
ನೋಟಿಸು ಅಂಟಿಸಿದ್ದರಂತೆ.
ಆ ತಿಂಗಳು ಲಿಂಡನ್ ಮರ ಹೂಬಿಟ್ಟಿತ್ತು,
ಗೋಡೆ ಓದಲು ಯಾರಿಗೆ ಪುರುಸೊತ್ತು.

ದೂರು ಕೊಟ್ಟವರು ಕೆಟ್ಟವರಲ್ಲ. ಇದನ್ನೂ ಬರೆದಿಡಬೇಕು.
ಜಿವಿಲೆಯ ಮಗಳು ಮಿಗ್ಲೆಗೆ ಒಂದು ಕೊಂಡಿ ಸಾಕು,
ಗಂಟಲು ಮುಚ್ಚಿಕೊಳ್ಳುತ್ತದೆ.
ಶಾಲೆಯ ಚೀಲದಲ್ಲಿ ಬಣ್ಣದ ಪೆನ್ಸಿಲುಗಳ ಪಕ್ಕ ಸೂಜಿಮದ್ದು.
ಬೇಲಿಯಾಚೆ ಒಣಗಿದ ಬಟ್ಟೆ ತೆಗೆಯುವಾಗ ಜಿವಿಲೆ
ಒಂದೊಂದನ್ನೂ ಎರಡೆರಡು ಸಲ ಕೊಡವುತ್ತಾಳೆ.
ಅವರು ಬಂದ ವರ್ಷ ನಾವು ಕೊಟ್ಟ ಜೇನಿನ ಬಾಟಲಿ
ಮುಚ್ಚಳ ತೆಗೆಯದೆ ಅವರ ಕಿಟಕಿಯಲ್ಲೇ ಇತ್ತು,
ಚಳಿಗಾಲವಿಡೀ, ಬಿಸಿಲು ಬಂದಾಗ ಹೊಳೆಯುತ್ತಾ.

ಇಪ್ಪತ್ತೆರಡು ಪೆಟ್ಟಿಗೆ ಹವ್ಯಾಸವೋ ಉದ್ಯಮವೋ?
ಜೇನು ಸಾಕುಪ್ರಾಣಿಯೋ, ಬರೀ ಹುಳವೋ?
ಅವರ ವಕೀಲರ ಬಳಿ ಪ್ರಯೋಗಾಲಯದ ವರದಿಯಿತ್ತು:
ನಮ್ಮ ಜೇನುತುಪ್ಪದ ಪರಾಗದಲ್ಲಿ ನೂರಕ್ಕೆ ಅರವತ್ತೊಂದು ಪಾಲು ಲಿಂಡನ್,
ಲಿಂಡನ್ ಸಾಲು ಅವರ ಜಮೀನಿನಲ್ಲಿ.
'ಅಂದರೆ ದಿನಾ ಅತಿಕ್ರಮಣ, ಸ್ವಾಮಿ.'
ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಅಜ್ಜ ಜೆನೋನಾಸ್ ಟೋಪಿ ತೆಗೆದು ಕಟಕಟೆ ಹಿಡಿದು ನಿಂತ.
'ನಮ್ಮ ಮಾತಿನಲ್ಲಿ ದನ ಸತ್ತಿತು ಅನ್ನುತ್ತೇವೆ,
ನಾಯಿ ಸತ್ತಿತು ಅನ್ನುತ್ತೇವೆ.
ಜೇನು ಮಾತ್ರ ತೀರಿಕೊಂಡಿತು ಅನ್ನುತ್ತೇವೆ.
ನಿಮ್ಮ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇದೆಯೇ?'
ಬೆರಳಚ್ಚಿನವಳು ಕೈ ನಿಲ್ಲಿಸಿ
ನ್ಯಾಯಾಧೀಶರ ಮುಖ ನೋಡಿದಳು.

ತೀರ್ಪು: ಪೆಟ್ಟಿಗೆಗಳು ಹನ್ನೊಂದು ಮೀಟರ್ ಹಿಂದೆ ಸರಿಯತಕ್ಕದ್ದು,
ಬೇಲಿಯಿಂದ ಒಟ್ಟು ಹದಿನೈದು. ಹದಿನಾಲ್ಕು ದಿನದೊಳಗೆ.
ವಕೀಲರು ನಮ್ಮ ಕೈ ಕುಲುಕಿದರು. ಗೆದ್ದಿರಲ್ಲ, ಅಂದರು.

ಜೇನುಗೂಡನ್ನು ಒಂದು ಹೆಜ್ಜೆ ಸರಿಸಬಹುದು,
ಇಲ್ಲವೇ ಒಂದು ಹರದಾರಿ.
ನಡುವಿನ ದೂರ ಯಾವುದೂ ಅವಕ್ಕೆ ಗೊತ್ತಿಲ್ಲ.
ಹನ್ನೊಂದು ಮೀಟರ್ ಒಮ್ಮೆಲೇ ಸರಿಸಿದರೆ
ಹೂವಿನಿಂದ ಮರಳಿದವು ಹಳೆಯ ಜಾಗಕ್ಕೇ ಬಂದು
ಇಲ್ಲದ ಬಾಗಿಲನ್ನು ಹುಡುಕುತ್ತವೆ,
ಕಾಲಲ್ಲಿ ಪರಾಗದ ಮೂಟೆ ಹೊತ್ತೇ
ರಾತ್ರಿಯ ಥಂಡಿಗೆ ಹುಲ್ಲಿಗೆ ಉದುರುತ್ತವೆ.

ಆದ್ದರಿಂದ ದಿನಕ್ಕೊಂದು ಹೆಜ್ಜೆ.
ಕೊನೆಯದೂ ಒಳಸೇರಿದ ಮೇಲೆ, ಕತ್ತಲಲ್ಲಿ,
ಒಂದು ಕಡೆ ತಮ್ಮ ತೌತ್ವಿಲಾಸ್, ಇನ್ನೊಂದು ಕಡೆ ನಾನು.
ಒಳಗಿನ ಗುಂಯ್ ಸದ್ದು ಮೊಣಕೈವರೆಗೆ ಏರುತ್ತಿತ್ತು.
ಮಳೆ ಬಂದ ದಿನ ಲೆಕ್ಕಕ್ಕಿಲ್ಲ:
ಹಾರದೆ ಅವು ಹೊಸ ಜಾಗ ಕಲಿಯುವುದಿಲ್ಲ.
ನಾಲ್ಕು ದಿನ ಮಳೆ ಹೊಯ್ಯಿತು.

ಹದಿನೈದನೆಯ ಬೆಳಿಗ್ಗೆ ಮೋಜಣಿಯವನು ಬಂದ.
ನಾವಿದ್ದದ್ದು ಹತ್ತಕ್ಕೆ.
ಟೇಪಿನ ಸೊನ್ನೆಯ ತುದಿಯನ್ನು ಜಿವಿಲೆಯ ಕೈಗೆ ಕೊಟ್ಟು
ಬೇಲಿಗೆ ಹಿಡಿಯಿರಿ ಎಂದ, ನಮ್ಮ ಕಡೆ ನಡೆದ.
ಅವಳು ನಿಂತದ್ದು ಬೇಲಿಗಿಂತ ಒಂದು ಹೆಜ್ಜೆ ಹಿಂದೆ,
ಕರಂಟ್ ಹಣ್ಣಿನ ಪೊದೆಯೊಳಗೆ.
ಮುಖ ಬೇರೆ ಕಡೆ ಇತ್ತು.
'ಹದಿನೈದು, ಸರಿ' ಎಂದವನು ಬರೆದುಕೊಂಡ.

ಅವಳಿಗೆ ಗೊತ್ತಿತ್ತೋ, ಪೊದೆ ತಾನಾಗಿ ಅಡ್ಡ ಬಂತೋ,
ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ.

ಅಂದು ರಾತ್ರಿ ಉಳಿದ ಹೆಜ್ಜೆಯನ್ನೂ ಸರಿಸಿದೆವು.
ಮರುದಿನ ನೋಡಿದರೆ ಮೊದಲ ಜಾಗದ ಬಿಳಿಚಿದ ಹುಲ್ಲಿನ ಮೇಲೆ
ಇನ್ನೂ ಏಳೆಂಟು ಸುತ್ತುತ್ತಿದ್ದವು.
ಅಜ್ಜ ಅವನ್ನು ಟೋಪಿಯಲ್ಲಿ ಹಿಡಿದು,
ಹನ್ನೊಂದು ಮೀಟರ್ ನಡೆದ,
ಏನೋ ಗೊಣಗುತ್ತಾ, ನಿಧಾನ.